ಬಿಟ್ಟು ಹೋಗುವ ದಾರಿಗೆ ಎಷ್ಟು ಬೆಲೆ? ಕ್ಲೌಡಿಗೆ ಏರಿದ ತಂತ್ರಾಂಶ ಕಂಪನಿಗಳ ಜಮಾಖರ್ಚು

2025ರ ಆಗಸ್ಟ್ ಮೊದಲ ವಾರದ ಹೊತ್ತಿಗೆ ಅಂಚೆ ಇಲಾಖೆ ದೇಶದ ಸುಮಾರು 1.65 ಲಕ್ಷ ಕಚೇರಿಗಳನ್ನು ಹೊಸ ಗಣಕ ವ್ಯವಸ್ಥೆಗೆ ದಾಟಿಸಿತು. ಅದರ ಹೆಸರು ಎಪಿಟಿ, ಅಂದರೆ ಅಡ್ವಾನ್ಸ್‌ಡ್ ಪೋಸ್ಟಲ್ ಟೆಕ್ನಾಲಜಿ. ಬರೆದದ್ದು ಯಾವ ಕಂಪನಿಯೂ ಅಲ್ಲ, ಮೈಸೂರಿನಲ್ಲಿರುವ ಇಲಾಖೆಯದೇ ತಂತ್ರಜ್ಞಾನ ಕೇಂದ್ರ. ಓಡುತ್ತಿರುವುದು ಕೇಂದ್ರ ಸರ್ಕಾರದ ಮೇಘರಾಜ್ 2.0 ಕ್ಲೌಡಿನ ಮೇಲೆ, ಬಿಎಸ್‌ಎನ್‌ಎಲ್ ಜಾಲದಲ್ಲಿ. ಪ್ರಯೋಗ ಮೊದಲು ನಡೆದದ್ದು ಕರ್ನಾಟಕ ವೃತ್ತದಲ್ಲಿ. ಅಲ್ಲಿ ಸರಿ ಕಂಡ ಮೇಲೆ ಉಳಿದ ವೃತ್ತಗಳಿಗೆ ಹಬ್ಬಿತು. ನಮ್ಮ ಹಾಸನೂರು, ತಾಳವಾಡಿ ಕಡೆಯ ಕಚೇರಿಗಳು ಸೇರಿದ ತಮಿಳುನಾಡು ವೃತ್ತಕ್ಕೂ ಬಂತು.

ಇದಕ್ಕೂ ಮುಂಚೆ ಇದ್ದ ವ್ಯವಸ್ಥೆಯ ಕಥೆ ಗೊತ್ತಿದ್ದರೆ ಈ ಬದಲಾವಣೆಯ ತೂಕ ತಿಳಿಯುತ್ತದೆ. 2013ರಲ್ಲಿ ಇಲಾಖೆ ಟಿಸಿಎಸ್ ಜೊತೆ ಸುಮಾರು 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಟಿಸಿಎಸ್ ಅದನ್ನು ಕಟ್ಟಿದ್ದು ಜರ್ಮನಿಯ ಸ್ಯಾಪ್ ಕಂಪನಿಯ ತಂತ್ರಾಂಶದ ಮೇಲೆ. ಉಳಿತಾಯ ಖಾತೆಯ ಕಡೆಗೆ ಇನ್ಫೊಸಿಸ್‌ನ ಫಿನಾಕಲ್ ಬಂತು. ಎಂದರೆ ಜಗತ್ತಿನ ಅತಿ ದೊಡ್ಡ ಅಂಚೆ ಜಾಲ ಹನ್ನೆರಡು ವರ್ಷ ದೊಡ್ಡ ಕಂಪನಿಗಳ ಗ್ರಾಹಕನಾಗಿದ್ದು, ಕೊನೆಗೆ ಕಾಗದ ಪತ್ರ, ಪಾರ್ಸೆಲ್, ಕೌಂಟರಿನ ಕೆಲಸವನ್ನೆಲ್ಲ ತಾನೇ ಬರೆದುಕೊಂಡ ತಂತ್ರಾಂಶಕ್ಕೆ ತಿರುಗಿಸಿಕೊಂಡಿತು. ವ್ಯಾಪಾರದ ತಂತ್ರಾಂಶ ಮಾರುವ ಕಂಪನಿಗಳು ಕ್ಲೌಡಿಗೆ ಹೋದದ್ದರಿಂದ ಯಾರು ಗೆದ್ದರು, ಯಾರ ಲಾಭ ಎಷ್ಟಾಯಿತು ಎಂದು ಲೆಕ್ಕ ಹಾಕುವ ಬರಹಗಳಲ್ಲಿ ಇಂಥ ಗ್ರಾಹಕ ಕಾಣಿಸುವುದೇ ಇಲ್ಲ. ಈ ಲೇಖನದಲ್ಲಿ ಕಂಪನಿಗಳ ಲೆಕ್ಕವನ್ನು ನೋಡೋಣ. ಜೊತೆಗೆ ಗ್ರಾಹಕನಿಗೆ ಬಿಟ್ಟು ಹೋಗಲು ಏನು ತಗಲುತ್ತದೆ ಎಂಬ ಲೆಕ್ಕವನ್ನೂ ನೋಡೋಣ. ಎರಡನೆಯದನ್ನು ನೋಡದೆ ಮೊದಲನೆಯದು ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ಕೈಗೆಟಕುವ ಉದಾಹರಣೆಯಿಂದ ಹಿಡಿಯೋಣ. ಸತ್ಯಮಂಗಲದಿಂದ ಚಾಮರಾಜನಗರದವರೆಗೆ ಹೆದ್ದಾರಿಯ ಉದ್ದಕ್ಕೂ ಇರುವ ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಮಂಡಿಗಳಲ್ಲಿ ಲೆಕ್ಕ ಎಂದರೆ ಟ್ಯಾಲಿ. 1986ರಲ್ಲಿ ಎಸ್.ಎಸ್. ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಬೆಂಗಳೂರಿನಲ್ಲಿ ಹುಟ್ಟುಹಾಕಿದ ಕಂಪನಿ ಅದು. ತಂದೆಯ ವ್ಯಾಪಾರಕ್ಕೆ ಹೊಂದುವ ಲೆಕ್ಕದ ತಂತ್ರಾಂಶ ಸಿಗಲಿಲ್ಲವೆಂದು ಮಗ ಬರೆದದ್ದೇ ಬೀಜ. ಇತ್ತೀಚಿನ ವರ್ಷಗಳಲ್ಲಿ ಒಂದೇ ಯಂತ್ರಕ್ಕೆ ಹಾಕುವ ಟ್ಯಾಲಿಪ್ರೈಮ್ ಸಿಲ್ವರ್ ಲೈಸೆನ್ಸಿಗೆ 22,500 ರೂಪಾಯಿ, ಮೇಲೆ ಜಿಎಸ್‌ಟಿ. ಕೊಂಡ ಮೇಲೆ ಅದು ನಿಮ್ಮದು. ಹೊಸ ಆವೃತ್ತಿ, ಹೊಸ ತೆರಿಗೆ ನಮೂನೆ ಬೇಕೆಂದರೆ ವರ್ಷಕ್ಕೆ 4,500 ಕೊಟ್ಟು ರಿನ್ಯೂವಲ್ ಮಾಡಿಸಬೇಕು. ಬಾಡಿಗೆಗೂ ಸಿಗುತ್ತದೆ, ತಿಂಗಳಿಗೆ 750. ಕಾಗದದ ಮೇಲೆ ಭಾಗಿಸಿ ನೋಡಿ: ಮೂವತ್ತು ತಿಂಗಳ ಬಾಡಿಗೆ ಸೇರಿದರೆ ಲೈಸೆನ್ಸಿನ ಬೆಲೆ. ಎರಡೂವರೆ ವರ್ಷದ ಆಚೆಗೂ ಅಂಗಡಿ ನಡೆಯುತ್ತದೆ ಎಂಬ ಧೈರ್ಯ ಇರುವವನು ಕೊಂಡುಕೊಳ್ಳುತ್ತಾನೆ. ಆ ಧೈರ್ಯ ಇಲ್ಲದವನು, ಅಥವಾ ಕೈಯಲ್ಲಿ ಒಟ್ಟಿಗೆ ಅಷ್ಟು ದುಡ್ಡು ಇಲ್ಲದವನು ಬಾಡಿಗೆಗೆ ಹೋಗುತ್ತಾನೆ.

ಇನ್ನೊಂದು ಗಮನಿಸಿ. 4,500 ಎಂಬುದು 22,500ರ ಐದನೇ ಒಂದು ಭಾಗ, ಶೇ 20. ದೊಡ್ಡವರ ಲೋಕದಲ್ಲೂ ಇದೇ ಪ್ರಮಾಣ. ಸ್ಯಾಪ್ ಮತ್ತು ಆರೇಕಲ್ ತಮ್ಮ ಲೈಸೆನ್ಸಿನ ಬೆಲೆಯ ಮೇಲೆ ವರ್ಷಕ್ಕೆ ಸುಮಾರು ಶೇ 22ರಂತೆ ನಿರ್ವಹಣಾ ಶುಲ್ಕ ಹಾಕುತ್ತ ಬಂದವು. ಕೋಟಿಗಟ್ಟಲೆ ಸುರಿದು ಕೊಂಡವನು ಐದು ವರ್ಷ ಕಳೆಯುವುದರೊಳಗೆ ಇನ್ನೊಂದು ಸಲ ಅಷ್ಟೇ ದುಡ್ಡು ಕಟ್ಟಿರುತ್ತಾನೆ. ಹಳೆಯ ಕಾಲದ ಲಾಭದ ಮೂಲ ಹೊಸ ಮಾರಾಟಕ್ಕಿಂತ ಈ ವಾರ್ಷಿಕ ಶುಲ್ಕದಲ್ಲೇ ಹೆಚ್ಚು ಇತ್ತು. ಮಾರಾಟಕ್ಕೆ ಓಡಾಟ, ರಿಯಾಯಿತಿ, ವರ್ಷಗಟ್ಟಲೆ ಮಾತುಕತೆ ಬೇಕು, ನಿರ್ವಹಣಾ ಶುಲ್ಕ ಮಾತ್ರ ತಾನಾಗಿ ಬರುತ್ತದೆ. ಕ್ಲೌಡ್ ಎಂಬುದು ಈ ತಾನಾಗಿ ಬರುವ ಹಣವನ್ನು ವ್ಯವಹಾರದ ಒಂದು ಭಾಗದಿಂದ ಇಡೀ ವ್ಯವಹಾರಕ್ಕೆ ವಿಸ್ತರಿಸಿದ ವ್ಯವಸ್ಥೆ. ತಂತ್ರಜ್ಞಾನದ ಬದಲಾವಣೆ ಇದೆ, ನಿಜ. ಆದರೆ ಹೂಡಿಕೆದಾರರು ಇಷ್ಟಪಟ್ಟದ್ದು ಹಣ ಬರುವ ರೀತಿಯ ಬದಲಾವಣೆಯನ್ನು.

ದಾಟುವಾಗ ಒಂದು ಕಷ್ಟದ ಹಂತ ಬರುತ್ತದೆ. ಲೈಸೆನ್ಸ್ ಮಾರಿದರೆ ಅದರ ಬೆಲೆಯ ಬಹುಪಾಲು ಆ ವರ್ಷದ ಆದಾಯದಲ್ಲೇ ಸೇರುತ್ತದೆ. ಅದೇ ಗ್ರಾಹಕನನ್ನು ಚಂದಾಕ್ಕೆ ಬದಲಿಸಿದರೆ ಮೊದಲ ವರ್ಷ ಒಂದು ಪಾಲು ಮಾತ್ರ ಬರುತ್ತದೆ. ಸರ್ವರ್ ಇಡುವ, ವಿದ್ಯುತ್ ಕಟ್ಟುವ, ರಾತ್ರಿ ಪಾಳಿಯಲ್ಲಿ ಕಾಯುವ ಖರ್ಚು ಮಾತ್ರ ಪೂರ್ತಿ ಆ ವರ್ಷದಲ್ಲೇ ಬೀಳುತ್ತದೆ. ಅಡೋಬಿ ಇದನ್ನು ಬಹಿರಂಗವಾಗಿ ಅನುಭವಿಸಿತು. ಫೋಟೋಶಾಪ್ ಮುಂತಾದವನ್ನು ಪೆಟ್ಟಿಗೆಯಲ್ಲಿ ಮಾರುವುದನ್ನು ನಿಲ್ಲಿಸುತ್ತೇವೆ, ಇನ್ನು ಚಂದಾ ಮಾತ್ರ ಎಂದು ಅದು ಸಾರಿದ್ದು 2013ರಲ್ಲಿ. ಆ ವರ್ಷ ಆದಾಯ 440 ಕೋಟಿ ಡಾಲರಿನಿಂದ 406 ಕೋಟಿಗೆ ಇಳಿಯಿತು. ನಿವ್ವಳ ಲಾಭವಂತೂ 83 ಕೋಟಿ ಡಾಲರಿನಿಂದ 29 ಕೋಟಿಗೆ ಬಿತ್ತು. ಬಳಸುವವರು ಕೂಗಾಡಿದರು, ಅರ್ಜಿ ಬರೆದರು. ಕಂಪನಿ ಜಗ್ಗಲಿಲ್ಲ. 2024ರಲ್ಲಿ ಅದರ ಆದಾಯ 2,150 ಕೋಟಿ ಡಾಲರ್. ಈ ಏರಿಳಿತದ ಗೆರೆಯನ್ನು ನೋಡಿಯೇ ಉಳಿದ ಕಂಪನಿಗಳ ಆಡಳಿತ ಮಂಡಳಿಗಳಿಗೆ ಧೈರ್ಯ ಬಂದದ್ದು.

ಸ್ಯಾಪ್‌ಗೆ ಆ ಧೈರ್ಯ ತಡವಾಗಿ ಬಂತು, ಪೆಟ್ಟು ದೊಡ್ಡದಾಗಿಯೇ ಬಿತ್ತು. ಐಬಿಎಂ ಬಿಟ್ಟು ಬಂದ ಐವರು 1972ರಲ್ಲಿ ಕಟ್ಟಿದ ಕಂಪನಿ ಇದು. ಕಾರ್ಖಾನೆಯ ದಾಸ್ತಾನು, ಸಂಬಳ, ಖರೀದಿ, ಲೆಕ್ಕ ಎಲ್ಲವನ್ನೂ ಒಂದೇ ವ್ಯವಸ್ಥೆಯಲ್ಲಿ ಹೆಣೆಯುವ ಇಆರ್‌ಪಿ ಎಂದರೆ ಜಗತ್ತಿಗೆಲ್ಲ ಸ್ಯಾಪ್ ಎಂಬಷ್ಟು ಬೆಳೆಯಿತು. ಕ್ಲೌಡಿನ ಹೊಸ ಕಂಪನಿಗಳು ಬಂದಾಗ ಅದು ಮೊದಲು ಮಾಡಿದ್ದು ಕೊಳ್ಳುವ ಕೆಲಸ: ಸಕ್ಸಸ್‌ಫ್ಯಾಕ್ಟರ್ಸ್ 340 ಕೋಟಿ ಡಾಲರಿಗೆ, ಅರಿಬಾ 430 ಕೋಟಿಗೆ, ಕಾನ್ಕರ್ 830 ಕೋಟಿಗೆ, ಕ್ವಾಲ್ಟ್ರಿಕ್ಸ್ 800 ಕೋಟಿಗೆ. ಕೊಂಡ ಕಂಪನಿಗಳ ತಂತ್ರಾಂಶಗಳು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಗ್ರಾಹಕರ ಮೂಲ ಇಆರ್‌ಪಿ ಮಾತ್ರ ಹಳೆಯ ಸರ್ವರುಗಳಲ್ಲೇ ಉಳಿದಿತ್ತು. 2020ರ ಅಕ್ಟೋಬರಿನಲ್ಲಿ ಹೊಸ ಮುಖ್ಯಸ್ಥ ಕ್ರಿಸ್ಟಿಯನ್ ಕ್ಲೈನ್, ಲಾಭಾಂಶ ಏರಿಸುವ ಹಳೆಯ ಗುರಿ ಬಿಟ್ಟು ಕ್ಲೌಡಿಗೆ ಪೂರ್ತಿ ತಿರುಗುತ್ತೇವೆ ಎಂದರು. 26ರ ಸೋಮವಾರ ಒಂದೇ ದಿನ ಷೇರು ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು.

ಆಮೇಲಿನ ಅಂಕಿಗಳು ಕ್ಲೈನ್ ಪರವಾಗಿವೆ. 2020ರಲ್ಲಿ 808 ಕೋಟಿ ಯೂರೊ ಇದ್ದ ಕ್ಲೌಡ್ ಆದಾಯ 2024ಕ್ಕೆ 1,714 ಕೋಟಿ ಯೂರೊ ಆಯಿತು, ಎಂದರೆ ಒಟ್ಟು 3,418 ಕೋಟಿಯಲ್ಲಿ ಅರ್ಧ. ಅದೇ ಅವಧಿಯಲ್ಲಿ ಲೈಸೆನ್ಸ್ ಮಾರಾಟ 364 ಕೋಟಿಯಿಂದ 140 ಕೋಟಿಗೆ ಇಳಿಯಿತು. ಒಟ್ಟು ಆದಾಯದಲ್ಲಿ ಶೇ 83ರಷ್ಟು ವರ್ಷ ಹುಟ್ಟುವ ಮೊದಲೇ ಅಂದಾಜಿಗೆ ಸಿಗುವ ಹಣ. 2025ರ ಮಾರ್ಚ್‌ನಲ್ಲಿ ಸ್ಯಾಪ್ ಯುರೋಪಿನ ಅತಿ ಬೆಲೆಬಾಳುವ ಕಂಪನಿಯಾಯಿತು. ಈ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು: 2024ರ ಆರಂಭದಲ್ಲಿ ಸುಮಾರು 8,000 ಹುದ್ದೆಗಳಿಗೆ ತಟ್ಟುವ ಪುನರ್ರಚನೆಯನ್ನು ಅದು ಘೋಷಿಸಿತು. ನಮ್ಮ ಕಡೆಗೆ ಬಂದರೆ, 1998ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸ್ಯಾಪ್ ಲ್ಯಾಬ್ಸ್ ಈಗ ಜರ್ಮನಿ ಬಿಟ್ಟರೆ ಕಂಪನಿಯ ಅತಿ ದೊಡ್ಡ ಸಂಶೋಧನಾ ಕೇಂದ್ರ. 2025ರಲ್ಲಿ ದೇವನಹಳ್ಳಿ ಬಳಿ ಎರಡನೆಯ ಆವರಣವನ್ನೂ ತೆರೆಯಿತು. ಜರ್ಮನಿಯ ಲಾಭದಲ್ಲಿ ಬೆಂಗಳೂರಿನ ಬೆವರು ಸಾಕಷ್ಟಿದೆ. ಆ ತಂತ್ರಾಂಶದ ಒಡೆತನದಲ್ಲಿ ಮಾತ್ರ ನಮಗೆ ಪಾಲಿಲ್ಲ.

ಈ ಬೆಳವಣಿಗೆ ಹೇಗೆ ಬಂತು ಎಂದು ಕೇಳಲೇಬೇಕು. ಹೊಸ ಗ್ರಾಹಕರು ಬಂದದ್ದುಂಟು. ಬಹುಪಾಲು ಮಾತ್ರ ಹಳೆಯ ಗ್ರಾಹಕರನ್ನೇ ಬಾಡಿಗೆಗೆ ಬದಲಿಸಿದ್ದರಿಂದ ಬಂತು. ಹಳೆಯ ಇಆರ್‌ಪಿಗೆ ಸಾಮಾನ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುತ್ತದೆ, ಹೆಚ್ಚು ದುಡ್ಡು ಕೊಟ್ಟರೆ 2030ರವರೆಗೆ ಎಂದು ಕಂಪನಿ ಗಡುವು ಹಾಕಿದೆ. ಹೊಸ ಸೌಲಭ್ಯಗಳೆಲ್ಲ ಕ್ಲೌಡಿನಲ್ಲಿ ಮೊದಲು, ಕೆಲವು ಅಲ್ಲಿ ಮಾತ್ರ. ಹದಿನೈದು ವರ್ಷ ತನ್ನ ಖರೀದಿ, ಸಂಬಳ, ಉತ್ಪಾದನೆಯನ್ನೆಲ್ಲ ಅದರೊಳಗೆ ಹುಗಿದ ಕಾರ್ಖಾನೆಗೆ ಬೇರೆ ಕಂಪನಿಗೆ ಹೋಗುವುದೆಂದರೆ ಎರಡು ಮೂರು ವರ್ಷದ ಕೆಲಸ. ಆದ್ದರಿಂದ ಅದು ಹೇಳಿದ ಕಡೆಗೆ ದಾಟುತ್ತದೆ. ಯುರೋಪಿಯನ್ ಕಮಿಷನ್ 2025ರ ಸೆಪ್ಟೆಂಬರಿನಲ್ಲಿ ಸ್ಯಾಪ್‌ನ ನಿರ್ವಹಣಾ ಷರತ್ತುಗಳ ಮೇಲೆ ವಿಧಿವತ್ತಾದ ತನಿಖೆ ಶುರುಮಾಡಿದ್ದು ಇದೇ ಕಾರಣಕ್ಕೆ: ಬೇರೆಯವರಿಂದ ನಿರ್ವಹಣೆ ಪಡೆಯಲು ಗ್ರಾಹಕನಿಗೆ ಅಡ್ಡಿಯಾಗುತ್ತಿದೆಯೇ ಎಂದು.

ಆರೇಕಲ್‌ನ ದಾರಿ ಬೇರೆ. 1977ರಲ್ಲಿ ಹುಟ್ಟಿದ ಈ ಕಂಪನಿಯ ಲ್ಯಾರಿ ಎಲಿಸನ್ 2008ರಲ್ಲಿ ಕ್ಲೌಡ್ ಎಂಬ ಮಾತನ್ನೇ ಬಹಿರಂಗವಾಗಿ ಹೀಗಳೆದಿದ್ದರು. ಅಷ್ಟರಲ್ಲಿ ಅವರು ಪೀಪಲ್‌ಸಾಫ್ಟನ್ನು 1,030 ಕೋಟಿ ಡಾಲರಿಗೆ, ಸೀಬೆಲನ್ನು 585 ಕೋಟಿಗೆ ನುಂಗಿ, ಆ ಗ್ರಾಹಕರ ನಿರ್ವಹಣಾ ಶುಲ್ಕದ ಮೇಲೆ ಸುಭದ್ರರಾಗಿದ್ದರು. ಸಿಟಿಬ್ಯಾಂಕಿನ ಮಡಿಲಲ್ಲಿ ಭಾರತದಲ್ಲಿ ಹುಟ್ಟಿದ ಐ-ಫ್ಲೆಕ್ಸ್ ಕಂಪನಿಯೂ 2005ರಿಂದ ಅವರ ಕೈಗೆ ಹೋಯಿತು. 2016ರಲ್ಲಿ ಕ್ಲೌಡಿನಲ್ಲೇ ಹುಟ್ಟಿದ ನೆಟ್‌ಸೂಟನ್ನು 930 ಕೋಟಿಗೆ ಕೊಂಡರು. ಈಗ ಆರೇಕಲ್ ಬೇರೆಯವರಿಗೆ ಯಂತ್ರಬಲ ಬಾಡಿಗೆ ಕೊಡುವ ಕಂಪನಿಯಾಗುತ್ತಿದೆ. 2025ರ ಮೇ ತಿಂಗಳಿಗೆ ಮುಗಿದ ವರ್ಷದಲ್ಲಿ 5,740 ಕೋಟಿ ಡಾಲರ್ ಆದಾಯ ಬಂದರೂ ಡೇಟಾ ಸೆಂಟರುಗಳಿಗೆ 2,100 ಕೋಟಿಗೂ ಹೆಚ್ಚು ಸುರಿದು, ಉಳಿಯಬೇಕಾದ ನಗದು ಶೂನ್ಯಕ್ಕಿಂತ ಕೆಳಗೆ ಹೋಯಿತು. ಆ ಸೆಪ್ಟೆಂಬರಿನಲ್ಲಿ ಕೈಯಲ್ಲಿರುವ ಒಪ್ಪಂದಗಳ ಮೊತ್ತ 45,500 ಕೋಟಿ ಡಾಲರ್ ಎಂದು ಹೇಳಿದಾಗ ಷೇರು ಒಂದೇ ದಿನ ಶೇ 36ರಷ್ಟು ಜಿಗಿಯಿತು. ಒಪ್ಪಂದದ ಮೊತ್ತ ಬೇರೆ, ಕೈಗೆ ಬಂದ ಹಣ ಬೇರೆ. ಬೆರಳೆಣಿಕೆಯ ಎಐ ಕಂಪನಿಗಳ ಮಾತಿನ ಮೇಲೆ ಸಾಲ ಮಾಡಿ ಕಟ್ಟಡ ಕಟ್ಟುವ ಈ ವ್ಯವಹಾರವನ್ನು ಇಆರ್‌ಪಿ ಕಂಪನಿಯ ಸಾಧನೆ ಎಂದು ಲೆಕ್ಕಕ್ಕೆ ಹಿಡಿಯಲು ನಾನು ಒಪ್ಪುವುದಿಲ್ಲ.

ಕ್ಲೌಡಿನಲ್ಲೇ ಹುಟ್ಟಿದವರ ಪೈಕಿ ದೊಡ್ಡ ಹೆಸರು 1999ರ ಸೇಲ್ಸ್‌ಫೋರ್ಸ್. ಪೀಪಲ್‌ಸಾಫ್ಟ್ ಕೈತಪ್ಪಿದ ಮೇಲೆ ಅದರ ಸ್ಥಾಪಕ ಡೇವ್ ಡಫೀಲ್ಡ್, ಅನೀಲ್ ಭೂಸ್ರಿ ಜೊತೆ ಸೇರಿ 2005ರಲ್ಲಿ ಕಟ್ಟಿದ್ದು ವರ್ಕ್‌ಡೇ. ಇಬ್ಬರೂ ಬಹುಕಾಲ ವರ್ಷಕ್ಕೆ ಶೇ 20ರಷ್ಟು ಅಥವಾ ಅದಕ್ಕಿಂತ ವೇಗವಾಗಿ ಬೆಳೆದರು, ಲಾಭ ಕೇಳಿದರೆ ಬೆಳವಣಿಗೆ ತೋರಿಸಿದರು. ಬಡ್ಡಿ ದರ ಏರಿದ 2022ರ ಮೇಲೆ ಆ ಉತ್ತರ ನಡೆಯಲಿಲ್ಲ. 2023ರ ಜನವರಿಯಲ್ಲಿ ಸೇಲ್ಸ್‌ಫೋರ್ಸ್ ಶೇ 10ರಷ್ಟು ಸಿಬ್ಬಂದಿಯನ್ನು ಕಳಿಸಿತು, 2025ರ ಫೆಬ್ರುವರಿಯಲ್ಲಿ ವರ್ಕ್‌ಡೇ 1,750 ಜನರನ್ನು. ಸೇಲ್ಸ್‌ಫೋರ್ಸ್ ಬೆಳವಣಿಗೆ 2025ರ ಜನವರಿಗೆ ಮುಗಿದ ವರ್ಷದಲ್ಲಿ ಶೇ 9ಕ್ಕೆ ಇಳಿಯಿತು.

ನಮ್ಮ ಹಾಸನೂರಿನ ಬೆಟ್ಟದಿಂದ ನೋಡಿದರೆ ಇವರಿಗಿಂತ ಹೆಚ್ಚು ಕಲಿಸುವುದು ಇದೇ ತಮಿಳುನಾಡಿನ ಎರಡು ಕಂಪನಿಗಳು. ಜೊಹೊ 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಶುರುವಾಯಿತು; ಶ್ರೀಧರ್ ವೆಂಬು ಅದರ ಸ್ಥಾಪಕರಲ್ಲಿ ಒಬ್ಬರು. ಫ್ರೆಶ್‌ವರ್ಕ್ಸ್ ಅನ್ನು 2010ರಲ್ಲಿ ಜೊಹೊ ಬಿಟ್ಟು ಬಂದ ಗಿರೀಶ್ ಮಾತೃಭೂತಂ ಚೆನ್ನೈನಲ್ಲಿ ಕಟ್ಟಿದರು. ಸರಕು ಹೆಚ್ಚುಕಡಿಮೆ ಒಂದೇ ಜಾತಿಯದು: ಗ್ರಾಹಕರ ದೂರು, ಮಾರಾಟ, ಕಚೇರಿ ಕೆಲಸಕ್ಕೆ ಬೇಕಾದ ಚಂದಾ ತಂತ್ರಾಂಶ. ಹಣದ ದಾರಿ ಮಾತ್ರ ತದ್ವಿರುದ್ಧ. ಫ್ರೆಶ್‌ವರ್ಕ್ಸ್ ಹೂಡಿಕೆದಾರರ ಹಣದಲ್ಲಿ ಬೆಳೆದು 2021ರ ಸೆಪ್ಟೆಂಬರಿನಲ್ಲಿ 36 ಡಾಲರಿನಂತೆ ನಾಸ್ಡಾಕ್‌ನಲ್ಲಿ ಷೇರು ಬಿಟ್ಟಿತು, ನೂರು ಕೋಟಿ ಡಾಲರಿಗೂ ಹೆಚ್ಚು ಎತ್ತಿತು. ನೂರಾರು ನೌಕರರು ಕೋಟ್ಯಧಿಪತಿಗಳಾದ ಸುದ್ದಿ ಆಗ ಎಲ್ಲ ಪತ್ರಿಕೆಗಳಲ್ಲಿ ಬಂತು. 2024ರಲ್ಲಿ 72 ಕೋಟಿ ಡಾಲರ್ ಆದಾಯದ ಮೇಲೆ ಇನ್ನೂ 9.5 ಕೋಟಿ ನಷ್ಟ. ಷೇರು ಬಿಟ್ಟ ಬೆಲೆಯ ಅರ್ಧಕ್ಕೂ ಕೆಳಗೆ. ಶೇ 13ರಷ್ಟು ಸಿಬ್ಬಂದಿ ಕಡಿತ. ಜೊಹೊ ಹೊರಗಿನ ಹೂಡಿಕೆ ತೆಗೆದುಕೊಳ್ಳಲಿಲ್ಲ, ಷೇರುಪೇಟೆಗೆ ಹೋಗಲಿಲ್ಲ. ತನ್ನದೇ ಡೇಟಾ ಸೆಂಟರುಗಳಲ್ಲಿ ಓಡುತ್ತದೆ, ತೆಂಕಾಶಿ ಬಳಿಯ ಹಳ್ಳಿಯಲ್ಲಿ ಕಚೇರಿ ತೆರೆದು ಅಲ್ಲಿನ ಮಕ್ಕಳನ್ನೇ ತರಬೇತು ಮಾಡಿತು. 2022–23ರಲ್ಲಿ ಅದರ ಆದಾಯ ಸುಮಾರು 8,700 ಕೋಟಿ ರೂಪಾಯಿ, ಲಾಭ ಸುಮಾರು 2,800 ಕೋಟಿ.

ಇದರಿಂದ ಷೇರುಪೇಟೆಯೇ ಕೆಟ್ಟದ್ದು ಎಂದು ತೀರ್ಮಾನಿಸುವುದು ಅವಸರ. ಜೊಹೊಗೆ ಇಪ್ಪತ್ತೈದು ವರ್ಷದ ತಾಳ್ಮೆ ಇತ್ತು, ಮೊದಲಿಂದ ಹಣ ತರುವ ಇನ್ನೊಂದು ಸರಕು ಇತ್ತು. ಆದರೂ ಕ್ಲೌಡ್ ವ್ಯವಹಾರ ಎಂದರೆ ಹತ್ತು ವರ್ಷ ನಷ್ಟ ಅನಿವಾರ್ಯ ಎಂಬ ವಾದ ಜೊಹೊ ಎದುರು ನಿಲ್ಲುವುದಿಲ್ಲ. ಕಡಿಮೆ ದರಕ್ಕೆ ಮಾರಿ, ಜಾಹೀರಾತಿಗೆ ಕಡಿಮೆ ಸುರಿದು, ಬಾಡಿಗೆಯ ಮನೆಯಲ್ಲಿ ಕೂರದೆ ಸ್ವಂತ ಸೂರು ಕಟ್ಟಿಕೊಂಡರೆ ಮೂರನೇ ಒಂದು ಭಾಗ ಲಾಭ ಉಳಿಸಬಹುದು. ಕೇಂದ್ರ ಸರ್ಕಾರದ ಹನ್ನೆರಡು ಲಕ್ಷ ನೌಕರರ ಇಮೇಲ್ ಈಗ ಜೊಹೊ ವೇದಿಕೆಗೆ ಹೋಗಿದೆ. ಸ್ವದೇಶಿ ಎಂಬ ಕಾರಣಕ್ಕೆ ಬಿಟ್ಟು ಹೋಗುವ ಷರತ್ತನ್ನು ಕೇಳದೆ ಬಿಡಬಾರದು. ಕಟ್ಟಿಹಾಕುವ ಶಕ್ತಿ ದೇಶ ನೋಡಿ ಬರುವುದಿಲ್ಲ.

ಕಟ್ಟುಬೀಳುವುದು ಎಂದರೆ ಏನೆಂದು ಕನ್ನಡನಾಡಿನ ಬ್ಯಾಂಕುಗಳಷ್ಟು ಚೆನ್ನಾಗಿ ಇನ್ನಾರೂ ತೋರಿಸಲಾರರು. 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹತ್ತು ಬ್ಯಾಂಕುಗಳನ್ನು ನಾಲ್ಕಾಗಿ ಬೆಸೆಯುವ ಯೋಜನೆ ಮುಂದಿಟ್ಟಾಗ, ಯಾವ ಬ್ಯಾಂಕು ಯಾವುದರ ಜೊತೆ ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ತಂತ್ರಾಂಶವೂ ಒಂದು. ಕೆನರಾ, ಸಿಂಡಿಕೇಟ್ ಎರಡೂ ಐ-ಫ್ಲೆಕ್ಸ್ ತಂತ್ರಾಂಶದ ಮೇಲಿದ್ದವು. ಯೂನಿಯನ್, ಆಂಧ್ರ, ಮತ್ತು ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಮೂರೂ ಫಿನಾಕಲ್ ಮೇಲಿದ್ದವು. 2020ರ ಏಪ್ರಿಲ್ 1ರಂದು ಆಯಾ ಗುಂಪಿನ ಬ್ಯಾಂಕುಗಳು ಒಂದಾದವು. ಉಡುಪಿ, ಮಂಗಳೂರಿನಲ್ಲಿ ನೂರು ವರ್ಷದ ಹಿಂದೆ ಮೀನುಗಾರರ, ನೇಕಾರರ, ವ್ಯಾಪಾರಿಗಳ ಪೈಸೆ ಕೂಡಿಸಿ ಕಟ್ಟಿದ ಬ್ಯಾಂಕುಗಳ ಹಣೆಬರಹ ನಿರ್ಧರಿಸುವಾಗ ಒಳಗೆ ಯಾರ ತಂತ್ರಾಂಶ ಇದೆ ಎಂಬ ಪ್ರಶ್ನೆ ಬಂತು. ತಂತ್ರಾಂಶ ಬದಲಿಸುವುದಕ್ಕಿಂತ ಬ್ಯಾಂಕು ಬೆಸೆಯುವುದು ಸುಲಭ ಎಂಬಂಥ ಸ್ಥಿತಿ ಇದು.

ಇನ್ಫೊಸಿಸ್‌ನ ಫಿನಾಕಲ್ 1990ರ ದಶಕದ ಬ್ಯಾಂಕ್ಸ್ 2000 ಎಂಬ ತಂತ್ರಾಂಶದಿಂದ ಬೆಳೆದು ಬಂದದ್ದು, ಈಗ ಎಡ್ಜ್‌ವರ್ವ್ ಎಂಬ ಅಂಗಸಂಸ್ಥೆಯಲ್ಲಿದೆ. ಜಗತ್ತಿನ ಎಷ್ಟೋ ದೇಶಗಳ ಬ್ಯಾಂಕುಗಳಲ್ಲಿ ಓಡುವ, ಬೆಂಗಳೂರಿನಲ್ಲೇ ಹುಟ್ಟಿ ಬೆಂಗಳೂರಿನ ಒಡೆತನದಲ್ಲೇ ಇರುವ ದೊಡ್ಡ ಸರಕು. ಬ್ಯಾಂಕುಗಳು ಮಾತ್ರ ಕ್ಲೌಡಿಗೆ ನಿಧಾನವಾಗಿ ಹೆಜ್ಜೆ ಇಡುತ್ತಿವೆ, ಅದು ಸರಿಯೂ ಹೌದು. ಐಟಿ ಹೊರಗುತ್ತಿಗೆಯ ಬಗ್ಗೆ ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ನಿರ್ದೇಶನ, ಕ್ಲೌಡಿನಿಂದ ಹೊರಬರುವ ಯೋಜನೆ ಮೊದಲೇ ಸಿದ್ಧವಿರಬೇಕು ಎನ್ನುತ್ತದೆ. ಸಣ್ಣ ಬ್ಯಾಂಕುಗಳು ಒಂದೇ ಕಡೆ ಸೇರಿಕೊಂಡಾಗ ಆಗುವುದನ್ನು ಮರುವರ್ಷವೇ ನಾವು ನೋಡಿದೆವು. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯ ಪರಿಣಾಮವಾಗಿ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ವ್ಯವಹಾರ ನಿಂತಿತು. ಆ ಬ್ಯಾಂಕುಗಳ ಖಾತೆದಾರರು ಹಾಸನೂರಿನಂಥ ಊರುಗಳವರೇ.

ಪೈಪೋಟಿ ಹೆಚ್ಚಿದೆಯೋ ಕಡಿಮೆಯಾಗಿದೆಯೋ? ಮೇಲ್ಮಟ್ಟದಲ್ಲಿ ಹೆಚ್ಚಿದೆ. ಹೊಸಬನೊಬ್ಬ ಸರ್ವರ್ ಕೊಳ್ಳದೆ ಚೆನ್ನೈನಲ್ಲಿ ಕೂತು ಅಮೆರಿಕದ ಗ್ರಾಹಕನಿಗೆ ಮಾರಬಲ್ಲ. ಕೆಳಮಟ್ಟದಲ್ಲಿ ಮಾತ್ರ ಎಲ್ಲರೂ ಅದೇ ಮೂವರ ಅಂಗಳದಲ್ಲಿ ನಿಂತಿದ್ದಾರೆ: ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್. 2006ರಲ್ಲಿ ಶುರುವಾದ ಅಮೆಜಾನಿನ ಕ್ಲೌಡ್ ವಿಭಾಗ 2024ರಲ್ಲಿ 10,760 ಕೋಟಿ ಡಾಲರ್ ಆದಾಯಕ್ಕೆ 3,980 ಕೋಟಿ ಲಾಭ ಮಾಡಿತು. ಅಮೆಜಾನಿನ ಒಟ್ಟು ಕಾರ್ಯಾಚರಣಾ ಲಾಭದ ಅರ್ಧಕ್ಕಿಂತ ಹೆಚ್ಚು ಬಂದದ್ದು ಇಲ್ಲಿಂದಲೇ. ಮೈಕ್ರೊಸಾಫ್ಟಿನ ಕ್ಲೌಡ್ ಆದ ಅಜೂರ್‌ನ ಆದಾಯ 2025ರ ಜೂನಿಗೆ ಮುಗಿದ ವರ್ಷದಲ್ಲಿ 7,500 ಕೋಟಿ ಡಾಲರ್ ದಾಟಿತು. ಸ್ಯಾಪ್‌ನ ಗ್ರಾಹಕನೂ ಬಹುಸಲ ಇವರದೇ ಯಂತ್ರಗಳ ಮೇಲೆ ಓಡುತ್ತಾನೆ. ಮೈಕ್ರೊಸಾಫ್ಟಿಗಂತೂ ಮೇಲೂ ಪಾಲು, ಕೆಳಗೂ ಪಾಲು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2025ರ ಜುಲೈನಲ್ಲಿ ಕೊಟ್ಟ ವರದಿಯಂತೆ ಅಲ್ಲಿನ ಮಾರುಕಟ್ಟೆಯಲ್ಲಿ ಅಮೆಜಾನ್, ಮೈಕ್ರೊಸಾಫ್ಟ್ ಒಬ್ಬೊಬ್ಬರದು ಶೇ 30ರಿಂದ 40.

ಒಡೆತನ ಬದಲಾದರೆ ಬಾಡಿಗೆದಾರನ ಗತಿ ಏನಾಗುತ್ತದೆ ಎಂಬುದಕ್ಕೆ ವಿಎಂವೇರ್ ಎಂಬ ತಂತ್ರಾಂಶ ಕಂಪನಿ ಸಾಕ್ಷಿ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು. ಡಿಸೆಂಬರಿನಲ್ಲೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಎಲ್ಲವನ್ನೂ ಚಂದಾಕ್ಕೆ ತಿರುಗಿಸಿತು. ಬ್ರಾಡ್‌ಕಾಮ್ ಲೆಕ್ಕಪತ್ರ ಹೊಳೆಯಿತು. ಯುರೋಪಿನ ಕ್ಲೌಡ್ ಕಂಪನಿಗಳ ಸಂಘ ಬೆಲೆ ಹಲವು ಪಟ್ಟು ಏರಿತೆಂದು ದೂರು ಒಯ್ದಿತು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ನಯಾರಾ ಎನರ್ಜಿ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿದಾಗ, ಗುಜರಾತಿನಲ್ಲಿ ತೈಲ ಸಂಸ್ಕರಿಸುವ ಈ ಭಾರತೀಯ ಕಂಪನಿಯ ಇಮೇಲ್ ಮುಂತಾದ ಸೇವೆಯನ್ನು ಮೈಕ್ರೊಸಾಫ್ಟ್ ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಹಣ ಕಟ್ಟಿದ್ದರೂ ಬೀಗ ಯಾರ ಕೈಯಲ್ಲಿದೆ ಎಂಬುದು ಆ ವಾರ ಎಲ್ಲ ದೊಡ್ಡ ಕಂಪನಿಗಳಿಗೂ ತಿಳಿಯಿತು.

ಎಐ ಬಂದ ಮೇಲೆ ತಲೆಗಿಷ್ಟು ಎಂಬ ಚಂದಾ ಲೆಕ್ಕವೂ ಅಲುಗುತ್ತಿದೆ. ಹತ್ತು ಜನರ ಕೆಲಸವನ್ನು ಯಂತ್ರ ಮಾಡಿದರೆ ಹತ್ತು ಲಾಗಿನ್ ಯಾಕೆ ಬೇಕು? ಸೇಲ್ಸ್‌ಫೋರ್ಸ್ 2024ರಲ್ಲಿ ತನ್ನ ಎಐ ಸಹಾಯಕನಿಗೆ ಸಂಭಾಷಣೆಗೆ 2 ಡಾಲರಿನಂತೆ ದರ ಕಟ್ಟಿ ನೋಡಿತು. ಈ ದರಪಟ್ಟಿಗಳು ಇನ್ನೂ ನೆಲೆ ನಿಂತಿಲ್ಲ, ಅವುಗಳ ಮೇಲೆ ಭವಿಷ್ಯ ನುಡಿಯುವುದು ಬೇಡ.

ಮತ್ತೆ ಬೆಟ್ಟಕ್ಕೆ ಬರೋಣ. ಇಲ್ಲಿ ಕ್ಲೌಡನ್ನು ತಂದದ್ದು ಕಂಪನಿಗಳಿಗಿಂತ ಮೊದಲು ಸರ್ಕಾರ. ಚಾಮರಾಜನಗರದಿಂದ ಪುಣಜನೂರು ದಾಟಿ ಕಾರಪಳ್ಳಂ ಚೆಕ್‌ಪೋಸ್ಟಿಗೆ ಬರುವ ಸಿಮೆಂಟಿನ ಲಾರಿಯಲ್ಲಿ 50,000 ರೂಪಾಯಿಗೆ ಮೇಲ್ಪಟ್ಟ ಸರಕಿದ್ದರೆ ಇ-ವೇ ಬಿಲ್ ಬೇಕು. ಅದರ ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಎನ್‌ಐಸಿಯ ಬೆಂಗಳೂರು ಕಚೇರಿ. ದೇಶದಲ್ಲಿ ಮೊದಲು ಜಾರಿಯಾದದ್ದು 2017ರಲ್ಲಿ ಕರ್ನಾಟಕದಲ್ಲಿ. ಅಂಗಡಿಯವನು ಟ್ಯಾಲಿಯಲ್ಲಿ ಎಂಟ್ರಿ ಹಾಕುತ್ತಾನೆ, ಬಿಲ್ಲಿನ ಸಂಖ್ಯೆ ಸರ್ಕಾರದ ಸರ್ವರಿನಿಂದ ಬರುತ್ತದೆ. ಮಳೆಗಾಲದಲ್ಲಿ ದಿಂಬಂ ಘಾಟಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ, ಕೇಬಲ್ ತುಂಡಾದರೆ, ಇನ್ವರ್ಟರಿನ ಮೇಲೆ ಟ್ಯಾಲಿ ಓಡುತ್ತಲೇ ಇರುತ್ತದೆ: ಸಾಲದ ಲೆಕ್ಕ ತೋರಿಸುತ್ತದೆ, ಬಿಲ್ಲು ಮುದ್ರಿಸುತ್ತದೆ. ಸಂಜೆ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆದು ಜೇಬಿಗೆ ಹಾಕಿಕೊಂಡರೆ ಆ ದಿನದ ಲೆಕ್ಕ ಅವನ ಜೇಬಿನಲ್ಲೇ. ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಾಡಿಗಳಲ್ಲಿ ಸಿಗ್ನಲ್ ಸಿಗುವುದು ನಿಂತ ಜಾಗ ನೋಡಿ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಹೇಳಿಕೊಳ್ಳುವ ಟ್ಯಾಲಿ ಪೂರ್ತಿಯಾಗಿ ಕ್ಲೌಡಿಗೆ ಹೋಗದೆ, ಬೇಕಾದವರಿಗೆ ಅಮೆಜಾನ್ ಸರ್ವರಿನ ಮೇಲೆ ಓಡಿಸುವ ದಾರಿಯನ್ನು 2022ರಿಂದ ಪಕ್ಕದಲ್ಲಿಟ್ಟದ್ದನ್ನು ಹಿಂಜರಿಕೆ ಎಂದವರುಂಟು. ಈ ಊರಿನ ಅಂಗಡಿಯಲ್ಲಿ ನಿಂತು ನೋಡಿದರೆ ಅದು ಗ್ರಾಹಕನನ್ನು ಬಲ್ಲವನ ತೀರ್ಮಾನ.

ಇನ್ನೊಂದು ದೊಡ್ಡ ಕೊಳ್ಳುವಿಕೆ ಸಹಕಾರ ಸಂಘಗಳದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. 63,000 ಸಂಘಗಳಿಗೆ ನಬಾರ್ಡ್ ಮೂಲಕ ಒಂದೇ ಇಆರ್‌ಪಿ, ಕ್ಲೌಡಿನ ಮೇಲೆ, ಪ್ರಾದೇಶಿಕ ಭಾಷೆಗಳಲ್ಲಿ. ಯೋಜನೆ ಬೇಕಾದದ್ದೇ. ಕೈಬರಹದ ಲೆಡ್ಜರಿನಲ್ಲಿ ಸಾಲದ ಬಾಕಿ ತಿದ್ದಿದ ಕಥೆಗಳು ಹಳ್ಳಿಗಳಲ್ಲಿ ಕಡಿಮೆ ಇಲ್ಲ. ತಾಳವಾಡಿ ತಾಲ್ಲೂಕಿನ ಸಂಘದ ಕಡತ ತಮಿಳಿನಲ್ಲಿರುತ್ತದೆ, ಸದಸ್ಯರ ಮನೆಮಾತು ಕನ್ನಡ. ಸಾಲದ ಚೀಟಿ ಎರಡೂ ಭಾಷೆಯಲ್ಲಿ ಮುದ್ರಿಸುವುದು ಗಣಕಕ್ಕೆ ಕಷ್ಟವೇನಲ್ಲ. ಟ್ಯಾಲಿ ಭಾರತೀಯ ಭಾಷೆಗಳಲ್ಲಿ ಇದನ್ನು ಮಾಡತೊಡಗಿ ಇಪ್ಪತ್ತು ವರ್ಷದ ಹತ್ತಿರವಾಯಿತು. ಗಡಿಯ ರೈತನಿಗೆ ಆ ಸೌಲಭ್ಯ ಸಿಗಬೇಕು.

ಅಂಚೆ ಇಲಾಖೆಯ ದಾರಿ ಎಲ್ಲರಿಗೂ ತೆರೆದಿಲ್ಲ. ಆ ಬದಲಾವಣೆಗೆ 5,800 ಕೋಟಿ ರೂಪಾಯಿಯ ಯೋಜನೆ ಬೇಕಾಯಿತು, 4.6 ಲಕ್ಷ ನೌಕರರಿಗೆ ತರಬೇತಿ ಕೊಡಬೇಕಾಯಿತು. ಮೊದಲ ವಾರಗಳಲ್ಲಿ ಸರ್ವರ್ ನಿಧಾನ, ಸಾಲು ಉದ್ದ ಎಂಬ ದೂರು ಹಲವು ಊರುಗಳಿಂದ ಬಂತು. ಆದರೂ ಈಗ ಕೌಂಟರಿನಲ್ಲಿ ಕ್ಯೂಆರ್ ತೋರಿಸಿ ಯುಪಿಐ ಹಣ ಪಡೆಯುವಂತೆ ಬದಲಿಸಬೇಕಾದರೆ ಇಲಾಖೆ ಮೈಸೂರಿಗೆ ಹೇಳಿದರೆ ಸಾಕು, ಬದಲಾವಣೆಗೆ ದರಪಟ್ಟಿ ತರಿಸಿಕೊಳ್ಳಬೇಕಿಲ್ಲ. ಆ ಶಕ್ತಿ ಇಲ್ಲದ ಸಹಕಾರ ಸಂಘ, ಸಕ್ಕರೆ ಕಾರ್ಖಾನೆ, ಸಣ್ಣ ಬ್ಯಾಂಕುಗಳು ಮಾಡಬಹುದಾದ್ದು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳುವುದು. ಬಿಡುವ ದಿನ ಪೂರ್ತಿ ಡೇಟಾ ಯಾವ ರೂಪದಲ್ಲಿ ಕೈಗೆ ಬರುತ್ತದೆ? ಎಷ್ಟು ದಿನದಲ್ಲಿ? ಅದಕ್ಕೆ ಬೇರೆ ದುಡ್ಡೆಷ್ಟು? ರಿನ್ಯೂವಲ್ ದರ ವರ್ಷಕ್ಕೆ ಎಷ್ಟಕ್ಕಿಂತ ಮೇಲೆ ಏರಕೂಡದು? ಯುರೋಪಿನಲ್ಲಿ 2025ರ ಸೆಪ್ಟೆಂಬರ್ 12ರಿಂದ ಜಾರಿಗೆ ಬಂದ ಡೇಟಾ ಕಾಯಿದೆ ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ತಾನೇ ಉತ್ತರ ಬರೆದಿದೆ. 2027ರ ಜನವರಿ 12ರಿಂದ ಅಲ್ಲಿ ಕ್ಲೌಡ್ ಬದಲಿಸುವ ಗ್ರಾಹಕನಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಆ ಷರತ್ತನ್ನು ಟೆಂಡರಿನಲ್ಲೇ ಬರೆಸಬೇಕು. ಸಂಘಗಳ ಪರವಾಗಿ ಒಟ್ಟಿಗೆ ಕೊಳ್ಳುವ ನಬಾರ್ಡಿಗೆ ಅಷ್ಟು ಚೌಕಾಸಿ ಮಾಡುವ ಬಲ ಇದೆ, ಒಂದೊಂದೇ ಸಂಘಕ್ಕೆ ಇಲ್ಲ.